ಕಳವು ಸ್ವತ್ತು: ವರ್ಗೀಕರಣ ಮತ್ತು ಶಿಕ್ಷೆ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಸಾರ್ವಜನಿಕರು ಹಳೆಯ ವಾಹನ, ಮೊಬೈಲ್ ಅಥವಾ ಆಭರಣ ಖರೀದಿಸುವ ಮುನ್ನ ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

ದಿನಾಂಕ 1-7-2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 317ರನ್ವಯ ಕಳ್ಳತನ, ಸುಲಿಗೆ, ವಂಚನೆ, ನಂಬಿಕೆದ್ರೋಹ ಮುಂತಾದವುಗಳಿಂದ ಕೈಬದಲಾದ ಸ್ವತ್ತು ‘ಕಳವು ಸ್ವತ್ತು’ ಆಗಿರುತ್ತದೆ.

1. ಕಳವಿನದೆಂದು ತಿಳಿದೂ ಅಥವಾ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಪಡೆದಲ್ಲಿ, ಇಟ್ಟುಕೊಂಡಲ್ಲಿ ಅಥವಾ ಬಚ್ಚಿಡಲು ನೆರವಾದಲ್ಲಿ: 3 ವರ್ಷಗಳವರೆಗೆ ಕಾರಾವಾಸ, ಜುಲ್ಮಾನೆ ಅಥವಾ ಎರಡೂ.

2. ಐವರು ಅಥವಾ ಹೆಚ್ಚು ಮಂದಿ ಸೇರಿ ದರೋಡೆ ಮಾಡಿದ ಸ್ವತ್ತೆಂದು ತಿಳಿದೂ ಪಡೆದಲ್ಲಿ ಅಥವಾ ಕಳವು ಸ್ವತ್ತಿನ ವ್ಯವಹಾರವನ್ನೇ ರೂಢಿ ಮಾಡಿಕೊಂಡಲ್ಲಿ: ಆಜೀವ ಕಾರಾವಾಸ ಅಥವಾ 10 ವರ್ಷಗಳವರೆಗೆ ಕಾರಾವಾಸ ಹಾಗೂ ಜುಲ್ಮಾನೆ.

ಅರಿಯದೆ ಕೊಂಡವರು ಅಪರಾಧಿಗಳಾಗುವುದಿಲ್ಲ. ಆದಾಗ್ಯೂ ಸ್ವತ್ತು ಜಪ್ತಿಗೆ ಒಳಪಡಬಹುದು. ಆದುದರಿಂದ ರಸೀದಿ ಹಾಗೂ ವಾಹನದ ನೋಂದಣಿ ಪತ್ರವನ್ನು ಪರಿಶೀಲಿಸಿಯೇ ಖರೀದಿಸತಕ್ಕದ್ದು. ಜಪ್ತಿಯಾದ ಸ್ವತ್ತನ್ನು ಮರಳಿ ಪಡೆಯಲು ಮಾಲೀಕರು ದಾಖಲೆಗಳೊಂದಿಗೆ ಸಂಬಂಧಪಟ್ಟ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದಾಗಿದೆ.