ಇಳಿಸುವ ವಿದ್ಯೆ

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಮರ ಏರುವವರನ್ನು ಯಾರೂ ಏರಿದ್ದಕ್ಕಾಗಿ ಹೊಗಳುವುದಿಲ್ಲ. ಕೊನೆಗೌಡ ಮರದಿಂದ ಮರಕ್ಕೆ ದಾಟಿ, ಕೊನೆ ಕೊಯ್ದು, ಕ್ಷೇಮವಾಗಿ ನೆಲಕ್ಕೆ ಕಾಲಿಟ್ಟ ಮೇಲೆಯೇ ಕೆಳಗೆ ನಿಂತವರ ಎದೆ ಹಗುರಾಗುವುದು. ಆಕಾಶಕ್ಕೂ ಇದೇ ನ್ಯಾಯ. ಶಾಲೆಯಲ್ಲಿ ನಾವು ವಿಮಾನದ ಚರಿತ್ರೆಯನ್ನು ಮನುಷ್ಯ ಹಾರಲು ಕಲಿತ ಕಥೆಯೆಂದು ಹೇಳಿಕೊಡುತ್ತೇವೆ. ಅವನು ಇಳಿಯಲು ಕಲಿತ ಕಥೆಯೆಂದೂ ಅದನ್ನು ಹೇಳಬಹುದು. 1903ರ ಡಿಸೆಂಬರ್ 17ರಂದು ರೈಟ್ ಸಹೋದರರು ನಾಲ್ಕು ಸಲ ಹಾರಿದರು. ನಾಲ್ಕನೆಯ ಹಾರಾಟ 59 ಸೆಕೆಂಡು, 852 ಅಡಿ. ಅಷ್ಟನ್ನು ಪಠ್ಯಪುಸ್ತಕ ಹೇಳುತ್ತದೆ. ಆ ಹಾರಾಟದ ಕೊನೆಯಲ್ಲಿ ನೆಲಕ್ಕೆ ಬಡಿದು ವಿಮಾನದ ಮುಂಭಾಗದ ಚೌಕಟ್ಟು ಮುರಿಯಿತು ಎಂಬುದನ್ನು ಹೇಳುವುದಿಲ್ಲ.

ಈ ವಿಚಾರ ನನ್ನ ತಲೆ ಹೊಕ್ಕದ್ದು ನನ್ನ ಅಣ್ಣನ ಮಗನಿಂದ. ಎಂಜಿನಿಯರಿಂಗ್ ಓದುವಾಗ ಅವನಿಗೆ ರೇಡಿಯೋದಿಂದ ನಡೆಯುವ ಮಾದರಿ ವಿಮಾನದ ಹುಚ್ಚು ಹತ್ತಿತು. ರಜೆಗೆ ಬಂದಾಗ ತವರಿನ ಮೇಲಿನ ಬೇಣದಲ್ಲಿ, ಮಳೆಗಾಲ ಕಳೆದು ಹುಲ್ಲು ಒಣಗಿದ ಮೇಲೆ, ಹಾರಿಸುತ್ತಿದ್ದ. ನಮ್ಮ ಕಡೆ ಸಮತಟ್ಟು ಜಾಗವೆಂದರೆ ಅಷ್ಟೇ ತಾನೆ? ಒಂದು ಪಕ್ಕ ಸೊಪ್ಪಿನ ಬೆಟ್ಟ, ಇನ್ನೊಂದು ಪಕ್ಕ ಕೆಳಗೆ ತೋಟ. “ಹಾರ್ಸದು ದೊಡ್ಡಲ್ಲ ಅತ್ತೆ, ಇಳ್ಸದೇ ಕಷ್ಟ” ಎಂದು ಅವನು ಹೇಳಿದ. ಯಾಕೆ ಕಷ್ಟ ಎಂದು ಕೇಳಿದ್ದಕ್ಕೆ ಒಂದು ಸಂಜೆಯಿಡೀ ವಿವರಿಸಿದ.

ನಿಜವಾದ ವಿಮಾನದಲ್ಲಿ ಕೂತವನಿಗೆ ಮೈಯೇ ಅರ್ಧ ವಿಷಯ ತಿಳಿಸುತ್ತದೆ. ಮಾದರಿ ವಿಮಾನ ನಡೆಸುವವರು ನೆಲದ ಮೇಲೆ ನಿಂತಿರುತ್ತಾರೆ, ಕಣ್ಣೊಂದೇ ಅವರಿಗೆ ಆಧಾರ. ವಿಮಾನ ನಮ್ಮಿಂದ ದೂರ ಹೋಗುವಾಗ ಅದರ ಎಡ ನಮ್ಮ ಎಡವೇ. ಅದು ನಮ್ಮ ಕಡೆಗೆ ತಿರುಗಿತೋ, ಅದರ ಎಡ ನಮ್ಮ ಬಲವಾಗುತ್ತದೆ, ಕನ್ನಡಿಯೆದುರು ನಿಂತು ಬೈತಲೆ ತೆಗೆದುಕೊಂಡ ಹಾಗೆ. ಇಳಿಸುವಾಗ ವಿಮಾನ ಹೆಚ್ಚಾಗಿ ನಮ್ಮತ್ತಲೇ ಬರುತ್ತದೆ. ಅದಕ್ಕೆ ಬಲ್ಲವರು ಒಂದು ಉಪಾಯ ಹೇಳಿಕೊಡುತ್ತಾರೆ: ಎದುರಿಗೆ ಬರುವಾಗ ಯಾವ ರೆಕ್ಕೆ ಕೆಳಗೆ ವಾಲಿದೆಯೋ ಆ ಕಡೆಗೇ ರಿಮೋಟಿನ ಕಡ್ಡಿಯನ್ನು ಸರಿಸು, ಬೀಳುವ ರೆಕ್ಕೆಗೆ ಊರುಗೋಲು ಕೊಟ್ಟಂತೆ.

ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. ಎತ್ತರ ಕಡಿಮೆಯಾಗುತ್ತಿದೆ ಎಂದು ಗಾಬರಿಯಾಗಿ ಮೂತಿಯನ್ನು ಮೇಲೆತ್ತಿದರೆ ವಿಮಾನ ಏರುವುದಿಲ್ಲ. ವೇಗ ಕಳೆದುಕೊಂಡು, ರೆಕ್ಕೆಗೆ ಗಾಳಿಯ ಆಸರೆ ತಪ್ಪಿ, ಕಲ್ಲಿನಂತೆ ಬೀಳುತ್ತದೆ. ಇಳಿಯುವಾಗ ಎತ್ತರವನ್ನು ಎಂಜಿನ್ನಿನ ಶಕ್ತಿಯಿಂದ ನೋಡಿಕೊಳ್ಳಬೇಕು, ವೇಗವನ್ನು ಮೂತಿಯಿಂದ. ಗಾಳಿಗೆ ಎದುರಾಗಿ ಬರಬೇಕು. ನೆಲ ಒಂದೆರಡು ಅಡಿ ಇರುವಾಗ ಮಾತ್ರ ಮೂತಿಯನ್ನು ಮೆಲ್ಲಗೆ ಎತ್ತಿ ಹಿಡಿದು, ವಿಮಾನ ತಾನೇ ಕೂರಲು ಬಿಡಬೇಕು. ಬಾವಿಯಿಂದ ತುಂಬಿದ ಕೊಡ ತಂದು ಕಟ್ಟೆಯ ಮೇಲಿಡುವಾಗ ನಾವು ಮಾಡುವುದೂ ಇದನ್ನೇ ಅಲ್ಲವೇ?

ಇಷ್ಟು ಕಷ್ಟದ ಕೆಲಸವಾದ್ದರಿಂದಲೋ ಏನೋ, ಮೊದಲಿನವರು ಇದರಿಂದ ತಪ್ಪಿಸಿಕೊಳ್ಳುವ ದಾರಿಗಳನ್ನೇ ಹುಡುಕಿದರು. ರೇಡಿಯೋ ಅಲೆಯಿಂದ ದೂರದ ವಸ್ತುವನ್ನು ನಡೆಸಬಹುದೆಂದು ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಪುಟ್ಟ ದೋಣಿಯಿಂದ ತೋರಿಸಿದ್ದ. ದೋಣಿಗೆ ಇಳಿಯುವ ಚಿಂತೆಯಿಲ್ಲ. 1937ರ ಹೊತ್ತಿಗೆ ಅಮೆರಿಕದ ಅವಳಿ ಸಹೋದರರಾದ ವಾಲ್ಟರ್ ಮತ್ತು ವಿಲಿಯಂ ಗುಡ್ ‘ಗಫ್’ ಎಂಬ ಮಾದರಿ ವಿಮಾನವನ್ನು ರೇಡಿಯೋದಿಂದ ಹಾರಿಸಿದರು. ಅದು ಇಂದಿಗೂ ಅಲ್ಲಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದ ಸೊತ್ತು. ಆಮೇಲೂ ಬಹಳ ಕಾಲ ಹವ್ಯಾಸಿಗಳ ರೇಡಿಯೋಗಳಲ್ಲಿ ಇದ್ದದ್ದು ಒಂದೇ ಗುಂಡಿ. ಒತ್ತಿದರೆ ಬಾಲದ ಪಟ್ಟಿ ಒಂದು ಪಕ್ಕಕ್ಕೆ ಪೂರ್ತಿ ತಿರುಗುವುದು, ಬಿಟ್ಟರೆ ನೆಟ್ಟಗಾಗುವುದು. ಎಂಜಿನ್ನಿನ ಮೇಲೆ ಹಿಡಿತವಿಲ್ಲ. ಮೆಥನಾಲಿಗೆ ಹರಳೆಣ್ಣೆ ಬೆರೆಸಿದ ಇಂಧನ ತೀರಿದ ಮೇಲೆ ವಿಮಾನ ತೇಲುತ್ತ ಎಲ್ಲಿ ಕೂತರೆ ಅಲ್ಲಿ ಹೋಗಿ ಎತ್ತಿಕೊಂಡು ಬರಬೇಕು. ಬೆರಳು ಸರಿಸಿದಷ್ಟೇ ಪಟ್ಟಿ ಸರಿಯುವ ರಿಮೋಟುಗಳು 1960ರ ದಶಕದಲ್ಲಿ ಬಳಕೆಗೆ ಬಂದವು. ಇಳಿಸುವುದು ಅದೃಷ್ಟ ಹೋಗಿ ವಿದ್ಯೆಯಾದದ್ದು ಹೆಚ್ಚಿನವರ ಪಾಲಿಗೆ ಆಗಲೇ.

ಸೈನ್ಯದವರೂ ಬಹುಕಾಲ ಇಳಿಸುವ ಗೊಡವೆಯನ್ನು ಛತ್ರಿಗೆ ವಹಿಸಿದ್ದರು. ಹಾಲಿವುಡ್ಡಿನ ನಟ ರೆಜಿನಾಲ್ಡ್ ಡೆನ್ನಿಗೆ ಮಾದರಿ ವಿಮಾನದ ಗೀಳು. ಅದರಿಂದಲೇ ಹುಟ್ಟಿದ ಅವನ ರೇಡಿಯೋಪ್ಲೇನ್ ಕಂಪನಿ ಎರಡನೇ ಮಹಾಯುದ್ಧದಲ್ಲಿ ಗುಂಡಿನ ಗುರಿ ಅಭ್ಯಾಸಕ್ಕೆಂದು ಚಾಲಕನಿಲ್ಲದ ಸಣ್ಣ ವಿಮಾನಗಳನ್ನು ಸಾವಿರಗಟ್ಟಲೆ ಮಾಡಿತು. ಅವು ಇಳಿಯುತ್ತಿದ್ದದ್ದು ಪ್ಯಾರಾಚೂಟಿನಲ್ಲಿ. ಆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ನಾರ್ಮಾ ಜೀನ್ ಎಂಬ ಹುಡುಗಿಯ ಫೋಟೋವನ್ನು 1945ರಲ್ಲಿ ಸೈನ್ಯದ ಛಾಯಾಗ್ರಾಹಕನೊಬ್ಬ ತೆಗೆದ. ಮುಂದೆ ಮರ್ಲಿನ್ ಮನ್ರೋ ಎಂದು ಜಗತ್ತಿಗೆ ಗೊತ್ತಾದವಳು ಅವಳೇ. ವಿಮಾನ ಮಾಡುವ ಕಾರ್ಖಾನೆಗೆ ಹೆಣ್ಣಿನ ಕೈ ಬೇಕಾಗಿತ್ತು, ನಡೆಸುವ ಪೆಟ್ಟಿಗೆ ಮಾತ್ರ ಹೆಚ್ಚಾಗಿ ಗಂಡಸರ ಕೈಯಲ್ಲೇ ಉಳಿಯಿತು.

ನಮ್ಮ ರಾಜ್ಯಕ್ಕೂ ಇಂಥದೇ ಚರಿತ್ರೆ ಇದೆ. ಬೆಂಗಳೂರಿನ ಎ.ಡಿ.ಇ. ಎಂಬ ರಕ್ಷಣಾ ಸಂಶೋಧನಾ ಸಂಸ್ಥೆ 1959ರಲ್ಲಿ ಹುಟ್ಟಿತು. ಅದು ರೂಪಿಸಿದ ‘ಲಕ್ಷ್ಯ’ ಮತ್ತು ‘ನಿಶಾಂತ್’ ಎಂಬ ಚಾಲಕರಹಿತ ವಿಮಾನಗಳೂ ಪ್ಯಾರಾಚೂಟಿನಲ್ಲೇ ಇಳಿಯುತ್ತಿದ್ದವು. 2022ರ ಜುಲೈ 1ರಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಪರೀಕ್ಷಾ ನೆಲೆಯಲ್ಲಿ ಅದೇ ಸಂಸ್ಥೆಯ ಇನ್ನೊಂದು ಚಾಲಕರಹಿತ ವಿಮಾನ ತಾನೇ ಏರಿ, ತಾನೇ ದಾರಿ ಹಿಡಿದು, ತಾನೇ ಚಕ್ರದ ಮೇಲೆ ಇಳಿಯಿತು. ಪತ್ರಿಕೆಯಲ್ಲಿ ಅದನ್ನು ಓದಿದಾಗ ಆ ‘ಇಳಿಯಿತು’ ಎಂಬ ಶಬ್ದದ ಹಿಂದೆ ಎಷ್ಟು ವರ್ಷಗಳ ಶ್ರಮವಿದೆ ಎಂದು ನನಗೆ ತಿಳಿದಿತ್ತು.

ಹಾಗಾದರೆ ನಮ್ಮ ಹೆಂಗಸರು ಈ ಚರಿತ್ರೆಯಲ್ಲಿ ಎಲ್ಲಿದ್ದಾರೆ? ಇದ್ದಾರೆ, ಮೊದಲ ಸಾಲಿನಲ್ಲೇ ಇದ್ದಾರೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವಿಮಾನ ತರಬೇತಿ ಶಾಲೆಯಿಂದ 1949ರಲ್ಲಿ ಮೊಟ್ಟಮೊದಲು ತೇರ್ಗಡೆಯಾಗಿ ಹೊರಬಂದವರು ಉಷಾ ಸುಂದರಂ. 1951ರಲ್ಲಿ ಪತಿ ವಿ. ಸುಂದರಂ ಅವರೊಡನೆ ಮದ್ರಾಸ್ ಸರ್ಕಾರಕ್ಕಾಗಿ ಕೊಂಡ ‘ಡವ್’ ವಿಮಾನವನ್ನು ಲಂಡನ್ನಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ತಂದರು. ದಾರಿಯಲ್ಲಿ ಅಲ್ಲಲ್ಲಿ ಇಳಿದಿಳಿದು ಬರಬೇಕಿತ್ತು. ರೇಡಿಯೋ ವಿದ್ಯೆಯಲ್ಲಿ ರಾಜೇಶ್ವರಿ ಚಟರ್ಜಿ ಇದ್ದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ಅವರು ಅಮೆರಿಕದ ಮಿಶಿಗನ್‌ನಲ್ಲಿ ಡಾಕ್ಟರೇಟ್ ಮಾಡಿ ಬಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಮತ್ತು ಆಂಟೆನಾ ಪಾಠ ಹೇಳಿದರು. ಇಬ್ಬರೂ 2010ರಲ್ಲಿ ತೀರಿಕೊಂಡರು. ನಮ್ಮ ಎಷ್ಟು ಶಾಲೆಗಳ ಗೋಡೆಯ ಮೇಲೆ ಇವರ ಚಿತ್ರಗಳಿವೆ?

ಬೇಣದ ವಿಷಯಕ್ಕೆ ಬರುತ್ತೇನೆ. ಅಣ್ಣನ ಮಗ ಕಲಿಯುವ ಮೊದಲು ಮೂರು ವಿಮಾನ ಮುರಿದ. ಒಂದು ತೋಟಕ್ಕೆ ಬಿದ್ದು ಅಡಿಕೆ ಸೋಗೆಯಲ್ಲಿ ಸಿಕ್ಕಿಹಾಕಿಕೊಂಡಿತು, ಕೊನೆಗೌಡನನ್ನೇ ಕರೆಸಿ ಇಳಿಸಬೇಕಾಯಿತು. ಮನೆಯವರೆಲ್ಲ ನಕ್ಕು, “ಕಲಿಯೋದು ಅಂದ್ರೆ ಹಾಂಗೇಯ” ಎಂದರು. ಅವನ ತಂಗಿ ಪಿ.ಯು.ಸಿ. ವಿಜ್ಞಾನದ ಹುಡುಗಿ. ಮುರಿದ ತುಂಡುಗಳನ್ನು ಹುಲ್ಲಿನಲ್ಲಿ ಹುಡುಕಿ, ಗೋಂದು ಹಚ್ಚಿ, ರೆಕ್ಕೆ ಜೋಡಿಸುವವಳು ಅವಳೇ. ಅವಳು ಒಮ್ಮೆ ರಿಮೋಟಿಗೆ ಕೈಚಾಚಿದಾಗ, “ಮುರದ್ರೆ ಯಾರು ಕೊಡ್ತ?” ಎಂಬ ಮಾತು ಬಂತು. ಅವನು ಮುರಿದದ್ದು ಕಲಿಕೆಯ ಲೆಕ್ಕಕ್ಕೆ, ಅವಳು ಮುರಿಯಬಹುದಾದದ್ದು ನಷ್ಟದ ಲೆಕ್ಕಕ್ಕೆ! ಮೂವತ್ತು ವರ್ಷ ಮಕ್ಕಳ ನಡುವೆ ಕಳೆದವಳಿಗೆ ಈ ಲೆಕ್ಕ ಹೊಸದಲ್ಲ. ಪ್ರಯೋಗಶಾಲೆಯ ಗಾಜಿನ ನಳಿಗೆ, ಮನೆಯ ಸ್ಕೂಟರ್, ಕಂಪ್ಯೂಟರ್, ಎಲ್ಲದರಲ್ಲೂ ಇದೇ. ಇಳಿಸುವ ವಿದ್ಯೆಯನ್ನು ಏನನ್ನೂ ಮುರಿಯದೆ ಕಲಿತವರಿಲ್ಲ. ಹೆಣ್ಣುಮಕ್ಕಳಿಗೆ ನಾವು ಕೊಡದೆ ಇರುವುದು ಈ ಮುರಿಯುವ ಅವಕಾಶವನ್ನು.

ನಾನು ಅತ್ತೆಯ ಅಧಿಕಾರ ಚಲಾಯಿಸಿದೆ. ಒಡೆದರೆ ಹೊಸದಕ್ಕೆ ಹಣ ನನ್ನದು ಎಂದೆ. ಮಾದರಿ ವಿಮಾನದವರಲ್ಲಿ ಒಳ್ಳೆಯ ಪದ್ಧತಿಯೊಂದಿದೆ. ಎರಡು ರಿಮೋಟುಗಳನ್ನು ಜೋಡಿಸುತ್ತಾರೆ, ಒಂದು ಗುರುವಿನ ಕೈಯಲ್ಲಿ, ಇನ್ನೊಂದು ಶಿಷ್ಯರ ಕೈಯಲ್ಲಿ. ಗುರು ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ವಿಮಾನ ಶಿಷ್ಯರ ಮಾತು ಕೇಳುತ್ತದೆ. ಎಡವಿದರೆ ಗುರು ಗುಂಡಿ ಬಿಟ್ಟರಾಯಿತು, ಹಿಡಿತ ಅವರಿಗೆ ವಾಪಸು. ಹುಡುಗಿ ಮೊದಲು ಕಂಪ್ಯೂಟರಿನಲ್ಲಿ, ಆಮೇಲೆ ಅಣ್ಣನ ಜೊತೆ ಹೀಗೆ ಕಲಿತಳು. ಅವಳು ಒಬ್ಬಳೇ ಮಾಡಿದ ಮೊದಲ ಇಳಿಕೆಯಲ್ಲಿ ವಿಮಾನ ಎರಡು ಸಲ ಪುಟಿದು ಮೂತಿ ಹುಲ್ಲಿಗೆ ಕುತ್ತಿತು, ಪಂಖದ ಒಂದು ಎಸಳು ಮುರಿಯಿತು. ಯಾರೂ ಏನೂ ಅನ್ನಲಿಲ್ಲ. ಅವಳು ಹೊಸ ಪಂಖ ತಿರುಗಿಸಿ ಬಿಗಿದು ಮತ್ತೆ ಹಾರಿಸಿದಳು.

ಇದು ಬರೀ ಆಟದ ಮಾತಲ್ಲ. 1910ರಲ್ಲಿ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಮೇಲೆ ಬರೆದ ಕಾಲದಿಂದ ಮೈಲುತುತ್ತ ಸುಣ್ಣದ ದ್ರಾವಣವೇ ನಮ್ಮ ತೋಟಗಳನ್ನು ಕಾಯುತ್ತಿದೆ. ಮಳೆಯ ನಡುವೆ ಜಾರುವ ಮರ ಏರಿ ಅದನ್ನು ಹೊಡೆಯುವ ಕೊನೆಗೌಡರು ಈಗ ವಿರಳ. ದೋಟಿ ಬಂದಿದೆ, ಡ್ರೋನಿನಿಂದ ಹೊಡೆಯುವ ಪ್ರಯತ್ನಗಳೂ ನಡೆದಿವೆ. ಡ್ರೋನ್ ನೆಟ್ಟಗೆ ಇಳಿಯಬಲ್ಲದು ನಿಜ. ಆದರೆ ಸೋಗೆಗಳ ನಡುವೆ, ಗಾಳಿಯಲ್ಲಿ, ನಡೆಸುವವರ ಕಣ್ಣು ಪಳಗಿರಲೇಬೇಕು. ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಒಪ್ಪಿದ ‘ನಮೋ ಡ್ರೋನ್ ದೀದಿ’ ಯೋಜನೆ ಸುಮಾರು 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಟ್ಟು, ಆಯ್ದ ಸದಸ್ಯೆಯರಿಗೆ 15 ದಿನ ತರಬೇತಿ ನೀಡುವ ಗುರಿ ಇಟ್ಟುಕೊಂಡಿತು. ಎನ್.ಸಿ.ಸಿ.ಯ ವಾಯುವಿಭಾಗದ ಕೆಡೆಟ್ಟುಗಳಿಗೂ ಮಾದರಿ ವಿಮಾನದ ಅಭ್ಯಾಸವಿದೆ, ಅದರಲ್ಲಿ ಹುಡುಗಿಯರೂ ಇದ್ದಾರೆ.

ಬಾಗಿಲುಗಳು ಹೀಗೆ ತೆರೆದಿರುವಾಗ ಮನೆಯ ಹೊಸ್ತಿಲಲ್ಲಿ ನಾವೇ ಅಡ್ಡ ನಿಲ್ಲಬಾರದು. ನಿಮ್ಮ ಮನೆಯಲ್ಲಿ ಮಗಳೋ ಮೊಮ್ಮಗಳೋ ಒಂದು ಯಂತ್ರಕ್ಕೆ ಕೈಚಾಚಿದಾಗ ಮುರಿಯುವುದೇ ಎಂದು ಕೇಳಬೇಡಿ. ಒಂದೆರಡು ಸಲ ಮುರಿದೇ ಮುರಿಯುತ್ತದೆ. ಜೋಡಿ ರಿಮೋಟಿನ ಗುರುವಿನಂತೆ ಪಕ್ಕದಲ್ಲಿ ನಿಲ್ಲಿ. ಅವಳ ಕೈ ಪಳಗಿದ ದಿನ ಆ ಜೋಡಿಸಿದ ತಂತಿಯನ್ನು ಕಳಚಿಬಿಡಿ.