ಎಡಗೈಗೆ ಬಿಡುವು

ಸ್ಪೋರ್ಟ್ಸ್ ಕಾರು ಕೊಳ್ಳಲು ಹೋದವರನ್ನು ಮೊದಲು ಕೇಳುವುದು ಎರಡೇ ಪ್ರಶ್ನೆಯಂತೆ: ಯಾವ ಎಂಜಿನ್, ಯಾವ ಗೇರು? 2008ರಲ್ಲಿ ಪೋರ್ಷೆ 911 ಕೊಳ್ಳುವವರ ಮುಂದೆ 3.6 ಲೀಟರಿನದೊಂದು, 3.8 ಲೀಟರಿನದೊಂದು ಎಂಜಿನ್ ಇತ್ತು. ಎರಡರಲ್ಲಿ ಯಾವುದಕ್ಕಾದರೂ ಕ್ಲಚ್ ತುಳಿದು ಕೈಯಲ್ಲಿ ಹಾಕುವ ಆರು ಗೇರು ತೆಗೆದುಕೊಳ್ಳಬಹುದು, ಇಲ್ಲವೇ ತಾನೇ ಬದಲಾಗುವ ಏಳು ಗೇರು. ಈ ಎರಡನೆಯದರಲ್ಲಿ ಮನಸ್ಸಾದರೆ ಸ್ಟಿಯರಿಂಗ್ ಬಿಡದೆ ಬೆರಳಿನಿಂದಲೇ ಗೇರು ಬದಲಿಸಬಹುದು. ಆಗ ಹೆಚ್ಚು ದುಡ್ಡು ಕೇಳುತ್ತಿದ್ದುದು ಇದಕ್ಕೇ.

ರಾಜೀವನಗರದಲ್ಲಿ ಕೂತವಳಿಗೆ ಈ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನಮ್ಮ ಅಡ್ಡರಸ್ತೆಗಳಲ್ಲಿ ಅಂಥ ಕಾರು ತಿರುಗುವುದೇ ಕಷ್ಟ. ಆದರೆ ಕ್ಲಚ್ಚಿನ ಗೊಡವೆಯಿಲ್ಲದೆ ಗೇರು ಬದಲಿಸುವ ಉಪಾಯ ನಮ್ಮೂರಿಗೆ ಹಳೆಯದು. ಅದು ಯಾರ ಕೈಯಲ್ಲಿದ್ದಾಗ ಏನು ಹೆಸರು ಪಡೆಯಿತು ಎಂಬುದು ನನಗೆ ಬಹಳ ದಿನದಿಂದ ಕುತೂಹಲದ ವಿಷಯ.

ಕ್ಲಚ್ ಎಂದರೆ ಏನು ಎಂಬುದನ್ನು ಹಿಟ್ಟಿನ ಗಿರಣಿಯಲ್ಲಿ ನಾವೆಲ್ಲ ನೋಡಿದ್ದೇವೆ. ಮೋಟಾರು ತಿರುಗುತ್ತಲೇ ಇರುತ್ತದೆ. ಗಿರಣಿಯವನು ಬೆಲ್ಟನ್ನು ಪಕ್ಕದ ಗಾಲಿಗೆ ಸರಿಸಿದರೆ ಕಲ್ಲು ನಿಲ್ಲುತ್ತದೆ. ಗಾಡಿಯಲ್ಲೂ ಅಷ್ಟೇ. ಎಂಜಿನ್ನಿಗೂ ಚಕ್ರಕ್ಕೂ ಇರುವ ನಂಟನ್ನು ಒಂದು ಗಳಿಗೆ ಬಿಡಿಸಿ, ಆ ಗಳಿಗೆಯಲ್ಲಿ ಗೇರು ಬದಲಿಸಿ, ಮತ್ತೆ ಮೆಲ್ಲಗೆ ಕೂಡಿಸಬೇಕು. ಈ ‘ಮೆಲ್ಲಗೆ’ ಎಂಬುದರಲ್ಲೇ ಎಲ್ಲ ಕಷ್ಟ. ಅವಸರ ಮಾಡಿದರೆ ಗಾಡಿ ಜಗ್ಗಿ ನಿಂತುಬಿಡುತ್ತದೆ, ಹಿಂದಿನವನು ಹಾರನ್ನು ಬಾರಿಸುತ್ತಾನೆ.

1960ರ ದಶಕದ ಆರಂಭದಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಕಟ್ಟಿದವರು ರುಸ್ತುಂ ಇರಾನಿ. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. ವಿನ್ಯಾಸ ಜೆಕೊಸ್ಲೊವಾಕಿಯದ್ದು. 250 ಸಿಸಿಯ, ನಾಲ್ಕು ಗೇರಿನ ಆ ಜಾವಾ ಬೈಕಿನ ಎಡಗಡೆ ಒಂದೇ ಒಂದು ಲಿವರ್ ಇತ್ತು. ಅದನ್ನು ಒಳಗೆ ಒತ್ತಿ ತಿರುಗಿಸಿದರೆ ಕಿಕ್ಕರ್. ಗಾಡಿ ಹೊರಟ ಮೇಲೆ ಅದೇ ಗೇರಿನ ಲಿವರ್. ಅದನ್ನು ಕಾಲಿನಿಂದ ಒತ್ತಿದಾಗ ಒಳಗೆ ಕ್ಲಚ್ ತಾನೇ ಬಿಡಿಸಿಕೊಳ್ಳುತ್ತಿತ್ತು. ಹೊರಡುವಾಗ ಮಾತ್ರ ಕೈಯ ಕ್ಲಚ್ ಹಿಡಿಯಬೇಕು. ಆಮೇಲೆ ಎಡಗೈಗೆ ಬಿಡುವು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ ಹೊರಬಂದ ಜಾವಾ ಗಾಡಿಯಲ್ಲೇ ಈ ಏರ್ಪಾಟು ಇತ್ತು.

ಇದನ್ನು ಓಡಿಸಿದವರು ಎಸ್ಟೇಟಿನ ಸಾಹುಕಾರರು, ಕಾಲೇಜಿನ ಹುಡುಗರು, ಹಳ್ಳಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವವರು. ‘ಪಾಪ, ಇವರಿಗೆ ಕ್ಲಚ್ ಹಿಡಿಯಲು ಬರುವುದಿಲ್ಲ, ಅದಕ್ಕೇ ಈ ಗಾಡಿ’ ಎಂದು ಇವರನ್ನು ಯಾರಾದರೂ ಅಂದದ್ದನ್ನು ನಾನು ಕೇಳಿಲ್ಲ. ಅದು ಗಂಡಸಿನ ಗಾಡಿ, ಡುಬ್ ಡುಬ್ ಸದ್ದಿನ ಗಾಡಿ. ಹೆಂಗಸರಿಗೆ ಅದರಲ್ಲಿ ಸಿಕ್ಕಿದ್ದು ಹಿಂದಿನ ಸೀಟು ಮತ್ತು ಸೀರೆ ಚಕ್ರಕ್ಕೆ ಸಿಕ್ಕದಂತೆ ಹಾಕಿದ ಒಂದು ಕಬ್ಬಿಣದ ಗಾರ್ಡು.

ಮುಂದಿನ ಸೀಟು ಸಿಕ್ಕಿದ್ದು ಬೇರೆ ದಾರಿಯಿಂದ. 1972ರಲ್ಲಿ ಪುಣೆಯ ಕೈನೆಟಿಕ್‌ನವರ ಲೂನಾ ಬಂತು, 1984ರಲ್ಲಿ ಕೈನೆಟಿಕ್ ಹೋಂಡಾ. ಎರಡನೆಯದು ನಿಜವಾದ ಸ್ಕೂಟರು: 98 ಸಿಸಿ, ಗುಂಡಿ ಒತ್ತಿದರೆ ಸ್ಟಾರ್ಟು, ಗೇರು ಹಾಕುವ ಕೆಲಸವೇ ಇಲ್ಲ. ಅದರೊಳಗೆ ಎರಡು ರಾಟೆ, ನಡುವೆ ಒಂದು ಬೆಲ್ಟು. ವೇಗ ಹೆಚ್ಚಿದಂತೆ ಮುಂದಿನ ರಾಟೆಯ ಎರಡು ತಟ್ಟೆಗಳು ಹತ್ತಿರ ಬಂದು ಬೆಲ್ಟನ್ನು ಅಂಚಿನ ಕಡೆಗೆ ತಳ್ಳುತ್ತವೆ. ನಾಲ್ಕು ಗೇರು ಮಾಡುವ ಕೆಲಸವನ್ನು ಇದು ಸದ್ದಿಲ್ಲದೆ, ಮೆಟ್ಟಿಲಿಲ್ಲದೆ ಮಾಡಿಬಿಡುತ್ತದೆ. ಚೇತಕ್ ಸ್ಕೂಟರಿನಲ್ಲಿ ಎಡಗೈಯಲ್ಲಿ ಕ್ಲಚ್ ಹಿಡಿದು ಅದೇ ಹಿಡಿಕೆಯನ್ನು ತಿರುವಬೇಕಿತ್ತು. ಸಾಲದ್ದಕ್ಕೆ ಸೀರೆಯುಟ್ಟು ಕಿಕ್ಕರ್ ಒದೆಯಬೇಕು. ಈ ಮೂರೂ ಕಷ್ಟ ಒಂದೇ ಸಲಕ್ಕೆ ಹೋದವು. ಶಾಲೆಯ ಟೀಚರುಗಳು, ಬ್ಯಾಂಕಿನ ಹೆಂಗಸರು ಬಸ್ಸಿಗೆ ಕಾಯುವುದು ಬಿಟ್ಟರು.

ಆದರೆ ಹೆಸರು? ‘ಲೇಡೀಸ್ ಗಾಡಿ.’ 1988ರ ಮೋಟಾರು ವಾಹನ ಕಾಯಿದೆ ಗೇರಿಲ್ಲದ್ದು, ಗೇರಿರುವುದು ಎಂದು ದ್ವಿಚಕ್ರದ ಲೈಸೆನ್ಸನ್ನೇ ಎರಡು ಮಾಡಿತು. ಕಾಯಿದೆಯಲ್ಲಿ ಹೆಣ್ಣು ಗಂಡಿನ ಮಾತಿಲ್ಲ. ಆದರೂ ‘ವಿತೌಟ್ ಗೇರ್’ ಎನ್ನುವಾಗ ಮನೆಯ ಗಂಡಸರ ತುಟಿಯಲ್ಲಿ ಒಂದು ನಗು ಬರುತ್ತಿತ್ತು, ಗೇರಿಲ್ಲದ್ದು ಗಾಡಿಗಲ್ಲ, ಓಡಿಸುವವಳ ಬುದ್ಧಿಗೆ ಎಂಬಂತೆ.

ಇದೇ ಹೊತ್ತಿಗೆ ಜಗತ್ತಿನ ಅತಿ ವೇಗದ ಗಂಡಸರು ಏನು ಮಾಡುತ್ತಿದ್ದರು ನೋಡಿ. 1989ರ ಮಾರ್ಚ್ 26ರಂದು ಬ್ರೆಜಿಲಿನಲ್ಲಿ ವರ್ಷದ ಮೊದಲ ಫಾರ್ಮುಲಾ ಒನ್ ರೇಸು. ಫೆರಾರಿಯವರು ಹೊಸ ಕಾರು ತಂದಿದ್ದರು: ಹನ್ನೆರಡು ಸಿಲಿಂಡರಿನ 3.5 ಲೀಟರ್ ಎಂಜಿನ್, ಏಳು ಗೇರು. ಜಾನ್ ಬರ್ನಾರ್ಡ್ ಎಂಬ ಇಂಗ್ಲಿಷ್ ವಿನ್ಯಾಸಕಾರ ಗೇರಿನ ಕೋಲನ್ನೇ ಕಿತ್ತುಹಾಕಿ, ಸ್ಟಿಯರಿಂಗಿನ ಹಿಂದೆ ಎರಡು ಪುಟ್ಟ ಪಟ್ಟಿಗಳನ್ನು ಕೂರಿಸಿದ್ದ. ಬಲಗಡೆಯದನ್ನು ಎಳೆದರೆ ಗೇರು ಮೇಲೆ, ಎಡಗಡೆಯದನ್ನು ಎಳೆದರೆ ಕೆಳಗೆ. ಅದೇ ಪ್ಯಾಡಲ್. ಓಡುವಾಗ ಕ್ಲಚ್ಚಿನ ಕೆಲಸವನ್ನು ಯಂತ್ರವೇ ನೋಡಿಕೊಳ್ಳುತ್ತಿತ್ತು. ಹೊರಡುವಾಗ ಮಾತ್ರ ಚಾಲಕನಿಗೆ ಕ್ಲಚ್ ಬೇಕು, ಥೇಟು ನಮ್ಮ ಜಾವಾದಂತೆ. ಕಾರು ಕೊನೆಯವರೆಗೆ ಓಡುವುದಿಲ್ಲವೆಂದು ನಂಬಿದ್ದ ನೈಜೆಲ್ ಮ್ಯಾನ್ಸೆಲ್, ಬೇಗನೆ ಮನೆಗೆ ಹೋಗಲು ವಿಮಾನದ ಟಿಕೆಟ್ ಮಾಡಿಸಿದ್ದನಂತೆ. ಗೆದ್ದವನು ಅವನೇ. ಆ ವರ್ಷ ಆಮೇಲೆ ಕಾರು ಹಲವು ಸಲ ದಾರಿಯಲ್ಲೇ ಕೈಕೊಟ್ಟಿತು, ಆದರೆ ಕೆಲವೇ ವರ್ಷಗಳಲ್ಲಿ ಎಲ್ಲ ತಂಡಗಳೂ ಪ್ಯಾಡಲಿಗೇ ಬಂದವು. 1997ರಲ್ಲಿ ಫೆರಾರಿ 355 ಎಂಬ ರಸ್ತೆಯ ಕಾರಿಗೂ ಅದು ಬಂತು, ಕ್ಲಚ್ ಪೆಡಲೇ ಇಲ್ಲದೆ. ಇದನ್ನು ಯಾರೂ ಲೇಡೀಸ್ ಕಾರು ಎನ್ನಲಿಲ್ಲ. ‘ಟೆಕ್ನಾಲಜಿ’ ಎಂದರು.

ಕೈ ಸ್ಟಿಯರಿಂಗಿನಿಂದ ಕದಲದಿದ್ದರೆ ತಿರುವಿನಲ್ಲಿ ಹಿಡಿತ ತಪ್ಪುವುದಿಲ್ಲ, ಗಮನ ರಸ್ತೆಯ ಮೇಲೇ ಇರುತ್ತದೆ. ಪ್ಯಾಡಲಿನ ಪರವಾಗಿ ರೇಸಿನವರು ಕೊಡುವ ಕಾರಣ ಇದು. ಮುಂದೆ ಒಂದು ಮಗುವನ್ನು ನಿಲ್ಲಿಸಿಕೊಂಡು, ಹಿಂದೆ ಒಂದನ್ನು ಕೂರಿಸಿಕೊಂಡು, ಹ್ಯಾಂಡಲಿಗೆ ಟಿಫಿನ್ ಚೀಲ ನೇತುಹಾಕಿ ರಾಜೀವನಗರದ ಸಂದಿಯಲ್ಲಿ ಆಟೊ, ಹಸು, ತರಕಾರಿ ಗಾಡಿಗಳ ನಡುವೆ ಬುರ್ಖಾದಲ್ಲೋ ಚೂಡಿದಾರದಲ್ಲೋ ಸ್ಕೂಟರು ಓಡಿಸುವ ಹೆಣ್ಣುಮಗಳಿಗೂ ಬೇಕಾದದ್ದು ಇದೇ ತಾನೆ?

ಯಾದವಗಿರಿಯ ಕಾರ್ಖಾನೆ, ಜಾವಾ ಹೋಗಿ ಯೆಜ್ಡಿ ಎಂಬ ಹೆಸರಾದ ಮೇಲೂ ಬಹುಕಾಲ ನಡೆದು, 1996ರಲ್ಲಿ ಬಾಗಿಲು ಹಾಕಿತು. ಊರಿನ ಎಷ್ಟೋ ಮನೆಗಳ ಒಲೆ ಅದರ ಸಂಬಳದಲ್ಲಿ ಉರಿಯುತ್ತಿತ್ತು. ಈಗ ಮೈಸೂರಿನಲ್ಲಿ ಗಾಡಿ ತಯಾರಾಗುವುದು ನಂಜನಗೂಡು ರಸ್ತೆಯ ಕಡಕೊಳದ ಬಳಿ, ಟಿವಿಎಸ್‌ನವರಲ್ಲಿ. ಅಲ್ಲಿಂದ ಹೊರಡುವ ಗೇರಿಲ್ಲದ ಸ್ಕೂಟರುಗಳನ್ನು ಈಗ ಗಂಡಸರೂ ಯಾವ ಸಂಕೋಚವಿಲ್ಲದೆ ಓಡಿಸುತ್ತಾರೆ.

ಜಾವಾ ಹೆಸರು 2018ರಲ್ಲಿ ಮತ್ತೆ ಬಂತು, ಮೈಸೂರಿಗಲ್ಲ. ಮಧ್ಯಪ್ರದೇಶದ ಪೀತಂಪುರದಲ್ಲಿ, ಹಿಂದೆ ಕೈನೆಟಿಕ್ ಹೋಂಡಾ ತಯಾರಾಗುತ್ತಿದ್ದ ಊರಿನಲ್ಲಿ, 2008ರಲ್ಲಿ ಕೈನೆಟಿಕ್‌ನವರಿಂದ ಮಹೀಂದ್ರಾದ ಕೈಗೆ ಬಂದ ಕಾರ್ಖಾನೆಯಲ್ಲಿ ಅದು ತಯಾರಾಗತೊಡಗಿತು. ಹೊಸ ಜಾವಾಕ್ಕೆ ಸ್ಟಾರ್ಟಿನ ಗುಂಡಿ ಇದೆ, ಆರು ಗೇರು ಇವೆ. ಪ್ರತಿ ಗೇರಿಗೂ ಎಡಗೈಯಲ್ಲಿ ಕ್ಲಚ್ ಹಿಡಿಯಬೇಕು.