ಕಾವಲುಗಾರನಿಗೆ ಕಾವಲು ಯಾರು?

1948ರ ಜೂನ್‌ನಲ್ಲಿ ‘ಎಂಪೈರ್ ವಿಂಡ್‌ರಶ್’ ಹಡಗು ಇಂಗ್ಲೆಂಡಿನ ಟಿಲ್‌ಬರಿಗೆ ಬಂತು. ಜಮೈಕಾ ಮುಂತಾದ ಕಡೆಯ ಕಪ್ಪು ಜನ ಇಳಿದರು. ಯುದ್ಧದಿಂದ ಸೋತ ದೇಶಕ್ಕೆ ದುಡಿಯೋ ಕೈ ಬೇಕಿತ್ತು. ಇವರೂ ಇವರ ಹಿಂದೆ ಬಂದವರೂ ಬಸ್ಸು ಓಡಿಸಿದರು, ಆಸ್ಪತ್ರೆಗಳಲ್ಲಿ ಬೆವರು ಸುರಿಸಿದರು. 1973ಕ್ಕೆ ಮುಂಚೆ ಬಂದು ನೆಲೆಸಿದವರಿಗೆ ಅಲ್ಲೇ ಉಳಿಯುವ ಹಕ್ಕನ್ನು ಕಾನೂನು ಕೊಟ್ಟಿತು. ಕಾಗದ ಕೊಡಲಿಲ್ಲ.

2010ರಲ್ಲಿ ಗೃಹ ಇಲಾಖೆ ಇಂಥವರು ಬಂದಿಳಿದಾಗಿನ ಹಳೆಯ ಚೀಟಿಗಳನ್ನು ನಾಶಮಾಡಿತು. ಆಮೇಲೆ ಅದೇ ಇಲಾಖೆ ‘ಕಾಗದ ತೋರಿಸು’ ಅಂತು! ತೋರಿಸಲಾಗದವರ ಕೆಲಸ ಹೋಯ್ತು, ಮನೆ ಹೋಯ್ತು. ಕೆಲವರನ್ನು ಕೂಡಿಹಾಕಿದರು, ಕೆಲವರನ್ನು ದೇಶದಿಂದಲೇ ಅಟ್ಟಿದರು. ಇದು ಬಯಲಾದದ್ದು 2018ರಲ್ಲಿ.

ಹಾಗಾದರೆ ಇಲಾಖೆಯನ್ನು ನೋಡಿಕೊಳ್ಳೋರು ಇರಲಿಲ್ಲವೆ? ಇದ್ದರು. 2007ರ ಕಾಯ್ದೆ ಗಡಿ ಮತ್ತು ವಲಸೆಯ ಮೇಲೆ ಒಬ್ಬ ಸ್ವತಂತ್ರ ಮುಖ್ಯ ಪರಿವೀಕ್ಷಕರನ್ನು ಕೂರಿಸಿತ್ತು. ಆದರೆ ಅವರ ವರದಿ ಹೋಗೋದು ಗೃಹಮಂತ್ರಿಯ ಕೈಗೆ. ಕಳ್ಳನ ಕೈಗೇ ಬೀಗದ ಕೈ!

2020ರಲ್ಲಿ ವೆಂಡಿ ವಿಲಿಯಮ್ಸ್ ವರದಿ 30 ಶಿಫಾರಸು ಮಾಡಿತು. ಪರಿವೀಕ್ಷಕರ ಅಧಿಕಾರವನ್ನು ಮರುಪರಿಶೀಲಿಸಿ, ವಲಸಿಗರಿಗೊಬ್ಬ ಆಯುಕ್ತರನ್ನು ನೇಮಿಸಿ ಎಂದಿತು. ಸರ್ಕಾರ ಒಪ್ಪಿತು, 2023ರ ಜನವರಿಯಲ್ಲಿ ಎರಡನ್ನೂ ಕೈಬಿಟ್ಟಿತು. 2024ರ ಫೆಬ್ರವರಿಯಲ್ಲಿ, ವಿಮಾನ ನಿಲ್ದಾಣದ ತಪಾಸಣೆಯ ಲೋಪವನ್ನು ಪತ್ರಿಕೆಗೆ ತಿಳಿಸಿದರೆಂದು ಪರಿವೀಕ್ಷಕ ಡೇವಿಡ್ ನೀಲ್ ಅವರನ್ನೇ ಕಿತ್ತುಹಾಕಿತು. ಕೆಲವೇ ದಿನಕ್ಕೆ ಕೂತಿದ್ದ 13 ವರದಿಗಳು ಒಂದೇ ದಿನ ಹೊರಬಿದ್ದವು. ಅದೇ ಜೂನ್‌ನಲ್ಲಿ, ಆ ಎರಡು ಶಿಫಾರಸು ಕೈಬಿಟ್ಟದ್ದು ಕಾನೂನುಬಾಹಿರ ಎಂದು ಹೈಕೋರ್ಟು ಹೇಳಿತು. ಹಾಗೆ ಹೇಳಿಸಿದ್ದು ನೊಂದವರೇ ಹೂಡಿದ ಮೊಕದ್ದಮೆ.

ಗೆಳೆಯರೇ, ‘ಸ್ವತಂತ್ರ’ ಅನ್ನೋ ಬೋರ್ಡು ಕಂಡಲ್ಲೆಲ್ಲ ಎರಡು ಪ್ರಶ್ನೆ ಕೇಳಿ. ಇವರನ್ನು ಕಿತ್ತುಹಾಕೋರು ಯಾರು? ಇವರ ವರದಿ ಯಾರ ಮೇಜಿನ ಮೇಲೆ ಕೊಳೀತಿದೆ?